ಸ್ಟೀರಾಯ್ಡ್‌ಗೆ ಮೊದಲು ಹುಳುವನ್ನು ವಿಚಾರಿಸಿ

ಆಳಂದ ತಾಲ್ಲೂಕಿನ ಸರಸಂಬಾದಂಥ ಊರಲ್ಲಿ ಮಳೆಗಾಲದ ತೊಗರಿ ಹೊಲಕ್ಕೆ ಬರಿಗಾಲಲ್ಲಿ ಇಳಿಯುವವರಿಗೆ ದಮ್ಮೋ ಕೀಲುನೋವೋ ಬಂದರೆ ಸ್ಟೀರಾಯ್ಡ್ ಗುಳಿಗೆ ಸಿಗಬಹುದು. ಮಲ ಬೆರೆತ ಹಸಿ ಮಣ್ಣಿನಿಂದ ಅಂಗಾಲಿನ ಮೂಲಕ ಒಳಹೊಕ್ಕಿರಬಹುದಾದ ಹುಳುವಿನ ವಿಚಾರ ಕೇಳುವವರು ಕಡಿಮೆ. ಸ್ಟ್ರಾಂಗಿಲಾಯ್ಡಿಸ್ ಎಂಬ ಈ ಕೂದಲೆಳೆಯಂಥ ಹುಳುವಿನ ಮರಿಗಳು ಕರುಳಲ್ಲೇ ಬಲಿತು ಮತ್ತೆ ಅದೇ ದೇಹಕ್ಕೆ ನುಗ್ಗಬಲ್ಲವು. ಹಾಗಾಗಿ ಸೋಂಕು ದಶಕಗಟ್ಟಲೆ ಸದ್ದಿಲ್ಲದೆ ಉಳಿಯುತ್ತದೆ. ಸ್ಟೀರಾಯ್ಡ್ ಬಿದ್ದಾಗ ಅವು ಮಿತಿಮೀರಿ ಹೆಚ್ಚಿ, ಕರುಳಿನ ಬ್ಯಾಕ್ಟೀರಿಯಾವನ್ನೂ ಹೊತ್ತು ಶ್ವಾಸಕೋಶ, ಮಿದುಳಿಗೆ ಹರಡಬಹುದು. ಆ ಹಂತ ಮುಟ್ಟಿದವರಲ್ಲಿ ಸಾವು ಹೆಚ್ಚು.

ಸ್ಟೀರಾಯ್ಡ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುತ್ತದೆ, ಅದಕ್ಕೇ ಹೀಗಾಗುತ್ತದೆ ಎಂಬುದು ಎಲ್ಲರೂ ಒಪ್ಪುವ ಉತ್ತರ. ಅದು ಅರ್ಧ ಉತ್ತರ ಎಂದು ತೋರಿಸಿದ್ದು ಇಲಿ. ಆರೋಗ್ಯವಂತ ಇಲಿಯಲ್ಲಿ ಈ ಹುಳು ನೆಲೆಯೂರುವುದಿಲ್ಲ. 2018ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ, ಹುಟ್ಟಿನಿಂದಲೇ ನಿರೋಧಕ ಶಕ್ತಿ ತೀರಾ ಕುಂದಿದ ತಳಿಯ ಇಲಿಗಳಿಗೆ ಸೋಂಕು ಹತ್ತಿಸಲಾಯಿತು. ಹುಳು ನೆಲೆಸಿತು, ಆದರೆ ಹದ್ದುಮೀರಿ ಹರಡಲಿಲ್ಲ. ಅಂಥವೇ ಇಲಿಗಳಿಗೆ ಆರು ವಾರ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟಾಗ ಹೆಣ್ಣುಹುಳುಗಳು ಹತ್ತು ಪಟ್ಟಿಗೂ ಹೆಚ್ಚಾದವು, ಅರ್ಧದಷ್ಟು ಇಲಿಗಳು ಸತ್ತವು. ಹುಳುವಿನ ಹಾರ್ಮೋನ್ ಗ್ರಾಹಕವನ್ನು ಪ್ರಚೋದಿಸುವ ಡಾಫಾಕ್ರೋನಿಕ್ ಆಮ್ಲ ಕೊಟ್ಟಾಗ ಹುಳುಗಳು ಗಣನೀಯವಾಗಿ ಇಳಿದವು. ಕಾವಲು ಮೊದಲೇ ಕುಸಿದಿದ್ದರೂ ಸ್ಟೀರಾಯ್ಡ್ ಬರುವತನಕ ಅನಾಹುತ ಆಗಲಿಲ್ಲ ಎಂದರೆ, ಅದು ಹುಳುವಿನ ಬೆಳವಣಿಗೆಯನ್ನೇ ಕೆರಳಿಸುತ್ತಿರಬಹುದು.

ಇಲಿ ಮನುಷ್ಯನಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆ ತಳಿಯಲ್ಲೂ ಕೆಲವು ರಕ್ಷಣಾ ಕೋಶಗಳು ಉಳಿದಿರುತ್ತವೆ, ಆದ್ದರಿಂದ ಇದು ಕೊನೆಯ ತೀರ್ಪಲ್ಲ. ಪ್ರಾಣಿಗಳ ನೋವನ್ನೂ ಹಗುರವಾಗಿ ಕಾಣಲಾಗದು. ನಮ್ಮಲ್ಲಿ ಇಂಥ ಪ್ರಯೋಗಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಕಡ್ಡಾಯವಾಗಿರುವುದು ಅದಕ್ಕೇ. ಆದರೆ ರೋಗಿಯಲ್ಲಿ ಕಾಯಿಲೆ, ಅಪೌಷ್ಟಿಕತೆ, ಔಷಧ ಎಲ್ಲವೂ ಹೆಣೆದುಕೊಂಡಿರುತ್ತವೆ. ಸ್ಟೀರಾಯ್ಡ್‌ನ ಪಾಲೆಷ್ಟೆಂದು ಬಿಡಿಸಿ ನೋಡಲು ಮನುಷ್ಯರಿಗೆ ಬೇಕೆಂದೇ ಸೋಂಕು ಹತ್ತಿಸಲಾಗದು, ಗಾಜಿನ ತಟ್ಟೆಯಲ್ಲಿ ಹುಳುವಿನ ಪೂರ್ಣ ಜೀವನಚಕ್ರ ನಡೆಯದು. ಇಂಥ ಪ್ರಶ್ನೆಗೆ ಮಾತ್ರ ಇಲಿಯ ಬಳಕೆ ಸಮರ್ಥನೀಯ ಎಂಬುದು ನನ್ನ ನಿಲುವು.

ಹಾಗೆಂದು ಸ್ಟೀರಾಯ್ಡ್‌ಗೆ ಹೆದರಬೇಕಿಲ್ಲ. ಆಮ್ಲಜನಕ ಬೇಕಾದ ಕೋವಿಡ್ ರೋಗಿಗಳ ಜೀವ ಡೆಕ್ಸಾಮೆಥಾಸೋನ್‌ನಿಂದ ಉಳಿಯುತ್ತದೆಂದು 2020ರಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ ತೋರಿಸಿತು. ಈ ಹುಳುವಿಗೆ ಐವರ್ಮೆಕ್ಟಿನ್ ಒಳ್ಳೆಯ ಮದ್ದು. ಶಾಲೆಗಳಲ್ಲಿ ಕೊಡುವ ಆಲ್ಬೆಂಡಜೋಲ್‌ನ ಒಂದು ಗುಳಿಗೆ ಸಾಲದು. ಒಂದು ಸಲದ ಮಲಪರೀಕ್ಷೆಯಲ್ಲಿ ಈ ಹುಳು ಕಣ್ತಪ್ಪಿಹೋಗಬಹುದು, ರಕ್ತಪರೀಕ್ಷೆ ನೆರವಾಗುತ್ತದೆ. ದೀರ್ಘಕಾಲದ ಸ್ಟೀರಾಯ್ಡ್ ಬರೆಯುವ ವೈದ್ಯರು ಹೊಲದ ಕೆಲಸವನ್ನೂ ಬರಿಗಾಲನ್ನೂ ವಿಚಾರಿಸಲಿ. ಅವರು ಕೇಳದಿದ್ದರೆ ನೀವೇ ಹೇಳಿ. ಈಗಾಗಲೇ ನುಂಗುತ್ತಿರುವ ಗುಳಿಗೆಯನ್ನು ಮಾತ್ರ ಅವರನ್ನು ಕೇಳದೆ ತಟ್ಟನೆ ನಿಲ್ಲಿಸಬೇಡಿ.