ಮೇಲೆ ಒಣಗಿದ್ದು, ಒಳಗೆ ಒದ್ದೆ: ಕಾರು ಕೊಳ್ಳುವ ಮುನ್ನ



ಪ್ರವಾದಿವರ್ಯರು(ಸ) ಒಮ್ಮೆ ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದರು. ಒಳಗೆ ಒದ್ದೆಯಾಗಿತ್ತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತು ಎಂದ ಪ್ರವಾದಿವರ್ಯರು, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿ ಈ ಘಟನೆ ವರದಿಯಾಗಿದೆ. ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ನೆನೆದದ್ದನ್ನು ಮುಚ್ಚಿಟ್ಟದ್ದು ತಪ್ಪು.

ಮಾಸ್ತಿಕಟ್ಟೆ, ಹುಲಿಕಲ್ ಕಡೆಯ ಮಳೆಯನ್ನು ಕಂಡ ನಮಗೆ ಈ ಪಾಠ ಬೇಗ ಅರ್ಥವಾಗಬೇಕು. ಇಲ್ಲಿ ಕೆಲವು ಮಳೆಗಾಲ ಓಡಿದ ಕಾರಿನ ತಳ ತುಕ್ಕು ಹಿಡಿಯುವುದು ಸಹಜ. ಮೇಲಿನ ಪಾಲಿಶ್ ಅದನ್ನು ತೋರಿಸುವುದಿಲ್ಲ. ರೋಗಿಯನ್ನು ಕೂರಿಸಿಕೊಂಡು ಮಣಿಪಾಲಕ್ಕೆಂದು ಹುಲಿಕಲ್ ಘಾಟಿ ಇಳಿಯುವಾಗ ಬ್ರೇಕ್ ಕೈಕೊಟ್ಟರೆ ಹೋಗುವುದು ಬರೀ ಹಣವಲ್ಲ.

ಯಾರನ್ನು ನಂಬಬೇಕು?

ಒಬ್ಬನ ಒಳ್ಳೆಯತನಕ್ಕೆ ಸಾಕ್ಷಿ ನುಡಿಯಲು ಬಂದವನನ್ನು ಹಜ್ರತ್ ಉಮರ್(ರ) ಮೂರು ವಿಷಯ ಕೇಳಿದರೆಂದು ಹೇಳಲಾಗುತ್ತದೆ: ನೀನು ಅವನ ನೆರೆಯವನೇ, ಅವನೊಂದಿಗೆ ಪ್ರಯಾಣ ಮಾಡಿದ್ದೀಯಾ, ಹಣದ ವ್ಯವಹಾರ ಮಾಡಿದ್ದೀಯಾ? ನಮಾಝ್ ಮಾಡುವುದನ್ನು ಕಂಡಿದ್ದೇನೆ ಎಂಬುದಷ್ಟೇ ಅವರಿಗೆ ಸಾಕಾಗಲಿಲ್ಲ. ಹಾಗೆಯೇ ಸಲಾಮ್ ಹೇಳಿದ, ನಮ್ಮವನೇ ಎಂಬುದು ವ್ಯಾಪಾರಕ್ಕೆ ಸಾಕ್ಷ್ಯವಲ್ಲ. ಷೋರೂಂನ ಗಾಜು, ಎಸಿಗಳೂ ಸಾಕ್ಷ್ಯವಲ್ಲ. ಅಲ್ಲಿ ಕಾರು ಕೊಂಡು, ತೊಂದರೆ ಬಂದಾಗ ಮತ್ತೆ ಹೋದವರನ್ನು ಕೇಳಿ. ಮಾರುವ ದಿನ ಎಲ್ಲರೂ ನಗುತ್ತಾರೆ. ದೂರು ಹೊತ್ತು ಹೋದ ದಿನವೇ ಪರೀಕ್ಷೆ.

ಹೊಸ ಕಾರಾದರೆ ಎಕ್ಸ್ ಷೋರೂಂ ಬೆಲೆ, ತೆರಿಗೆ, ವಿಮೆ, ಆಕ್ಸೆಸರಿ ಇವನ್ನೆಲ್ಲ ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ವಿಮೆಯನ್ನು ಡೀಲರ್ ಬಳಿಯೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ನೋಂದಣಿಗೆ ಮೊದಲೇ ಕಾರಿನ ತಯಾರಿಕೆಯ ತಿಂಗಳು, ಚಾಸಿಸ್ ನಂಬರ್ ನೋಡಿ. ಸರ್ವಿಸ್ ಎಲ್ಲಿ, ಬಿಡಿಭಾಗ ಎಷ್ಟು ದಿನದಲ್ಲಿ ಸಿಗುತ್ತದೆ ಎಂದು ಕೇಳಿ. ಪ್ರತಿ ಸಲ ಶಿವಮೊಗ್ಗಕ್ಕೇ ಹೋಗಬೇಕಾದರೆ ಆ ದಿನದ ದುಡಿಮೆಯೂ ಕಾರಿನ ಬೆಲೆಗೆ ಸೇರುತ್ತದೆ.

ಹಳೆಯ ಕಾರನ್ನು ಹಗಲಲ್ಲಿ, ಕಮಿಷನ್ ಪಡೆಯದ ಮೆಕ್ಯಾನಿಕ್ ಜೊತೆ ನೋಡಿ. ಮೇಲೆತ್ತಿಸಿ ತಳ ನೋಡಿ. ಮ್ಯಾಟ್ ಕೆಳಗೆ, ಸ್ಟೆಪ್ನಿ ಇಡುವ ಗುಂಡಿಯಲ್ಲಿ ಕೈಯಾಡಿಸಿ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಕಲೆ ಇದೆಯೇ ನೋಡಿ. ಮೀಟರ್ ತೋರಿಸುವ ಕಿಲೋಮೀಟರನ್ನು ಸರ್ವಿಸ್ ದಾಖಲೆಯೊಂದಿಗೆ ಹೋಲಿಸಿ. ಇದಕ್ಕೆಲ್ಲ ಬೇಸರಿಸದೆ, ಕೇಳುವ ಮೊದಲೇ ದೋಷ ಹೇಳುವವನು ನಂಬಿಕಸ್ಥ.

ಬರವಣಿಗೆ ಅಪನಂಬಿಕೆಯಲ್ಲ

ಕುರ್‌ಆನಿನ ಅತಿ ದೀರ್ಘ ಸೂಕ್ತವಾದ ಅಲ್‌ಬಕರಃದ 282ನೆಯದು ಸಾಲದ ವ್ಯವಹಾರವನ್ನು ಬರೆದಿಡಲು ಆದೇಶಿಸುತ್ತದೆ. ಕಾನೂನೂ ಬರವಣಿಗೆಯನ್ನೇ ನೋಡುತ್ತದೆ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗಿನ ಮಾರಾಟವನ್ನು ಮಾರಿದವನು 14 ದಿನಗಳೊಳಗೆ, ಕೊಂಡವನು 30 ದಿನಗಳೊಳಗೆ ಆರ್‌ಟಿಓಗೆ ತಿಳಿಸಬೇಕು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೂ ಹೊಣೆಯೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಫಾರಂ 29, 30 ಸಲ್ಲಿಸಿ ಹೆಸರು ಬದಲಾಗುವವರೆಗೆ ವ್ಯವಹಾರ ಮುಗಿಯಿತೆಂದು ಭಾವಿಸಬೇಡಿ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಓಸಿ ಮತ್ತು ಫಾರಂ 35 ಕೇಳಿ. ಹಳೆಯ ಕಾರಿನ ಡೀಲರ್‌ಗಳು ಆರ್‌ಟಿಓದಿಂದ ಅಧಿಕಾರ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಇದೆ. ಅದನ್ನು ತೋರಿಸಲು ಹೇಳಿ.

ರಿಪೇರಿಗೆ ಬಿಡುವಾಗ ಅಂದಾಜು ಖರ್ಚು ಬರೆಸಿಕೊಳ್ಳಿ, ಬದಲಿಸಿದ ಹಳೆಯ ಭಾಗ ಮತ್ತು ಬಿಲ್ ಕೇಳಿ ಪಡೆಯಿರಿ. ಮುಚ್ಚಿಟ್ಟ ದೋಷ ಬಯಲಾದರೆ ವಸ್ತುವನ್ನು ಹಿಂದಿರುಗಿಸುವ ಹಕ್ಕನ್ನು ಫಿಕ್ಹ್ ಕೊಳ್ಳುವವನಿಗೆ ಕೊಟ್ಟಿದೆ. ಮಾತಿನಿಂದ ಬಗೆಹರಿಯದಿದ್ದರೆ ಗ್ರಾಹಕ ಸಹಾಯವಾಣಿ 1915, ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗ ಇವೆ. ಅಲ್ಲೂ ಮೊದಲು ಕೇಳುವುದು ಬಿಲ್ಲನ್ನೇ.

ಗ್ಯಾರೇಜ್, ಬ್ರೋಕರ್ ಕೆಲಸ ಮಾಡುವ ನಮ್ಮ ಯುವಕರಿಗೂ ಒಂದು ಮಾತು. ಮೀಟರ್ ಹಿಂದಕ್ಕೆ ತಿರುಗಿಸುವುದು, ಹಳೆಯ ಭಾಗ ಹಾಕಿ ಹೊಸದರ ಹಣ ಪಡೆಯುವುದು ಜಾಣತನವಲ್ಲ, ವಂಚನೆ. ಆ ಸಂಪಾದನೆ ಹಲಾಲ್ ಅಲ್ಲ. ಕೊಂಡವನು ಯಾವ ಧರ್ಮದವನಾದರೂ ಸರಿಯೇ. ಇಬ್ಬರೂ ಸತ್ಯ ಹೇಳಿ ದೋಷ ತಿಳಿಸಿದರೆ ವ್ಯಾಪಾರದಲ್ಲಿ ಬರಕತ್ ಇರುತ್ತದೆ, ಮುಚ್ಚಿಟ್ಟರೆ ಅಳಿಸಿಹೋಗುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಹಳೆಯ ಕಾರನ್ನು ಎಕ್ಸ್‌ಚೇಂಜ್‌ಗೆ ಒಯ್ಯುವಾಗ ಈ ಮಾತು ನಮಗೂ ಅನ್ವಯಿಸುತ್ತದೆ.

ಅಲ್ಲಾಹನು ನಮ್ಮ ವ್ಯವಹಾರಗಳನ್ನು ಶುದ್ಧಗೊಳಿಸಲಿ, ಪ್ರಯಾಣಗಳಲ್ಲಿ ನಮ್ಮನ್ನು ಕಾಪಾಡಲಿ. ಆಮೀನ್.