ಹಗುರವಾದ ಬಾಲ, ನೇರವಾದ ಬಾಲ

ಬಾಲಂಗೋಚಿ ಕಟ್ಟದಿದ್ದರೆ ಗಾಳಿಪಟ ಗಿರಕಿ ಹೊಡೆಯುತ್ತದೆಂದು ಕಾಪು ಕಡಲತೀರದಲ್ಲಿ ಆಡುವ ಮಕ್ಕಳಿಗೆ ಗೊತ್ತು. ಮಾದರಿ ವಿಮಾನಕ್ಕೂ ಸ್ತಿಮಿತ ಕೊಡುವುದು ಬಾಲವೇ. ಗಾಳಿಯ ಹೊಡೆತಕ್ಕೆ ಮೂತಿ ಮೇಲೆದ್ದರೆ, ಹಿಂದಿನ ಅಡ್ಡಹಲಗೆಗೆ ಗಾಳಿ ಕೆಳಗಿನಿಂದ ತಾಗಿ ಬಾಲವನ್ನೂ ಎತ್ತುತ್ತದೆ. ಮೂತಿ ತಾನಾಗಿ ಸಮಕ್ಕೆ ಬರುತ್ತದೆ. ನಿಂತ ಹಲಗೆ ಎಡಬಲದ ಓಲಾಟವನ್ನು ತಡೆಯುತ್ತದೆ. ಅದರ ಹಿಂದಂಚಿನ ರಡ್ಡರ್ ಮಲ್ಪೆಯ ದೋಣಿಗಳಲ್ಲಿರುವ ಚುಕ್ಕಾಣಿಯೇ.

ಬಾಲದ ಅಳತೆಗೆ ಒಂದು ಲೆಕ್ಕವಿದೆ. ರೆಕ್ಕೆ 120 ಸೆಂ.ಮೀ. ಉದ್ದ, 20 ಸೆಂ.ಮೀ. ಅಗಲ ಎಂದುಕೊಳ್ಳಿ, ವಿಸ್ತೀರ್ಣ 2400 ಚದರ ಸೆಂ.ಮೀ. ಅದನ್ನು ಅಗಲದಿಂದ ಗುಣಿಸಿ, ರೆಕ್ಕೆಯಿಂದ ಬಾಲಕ್ಕಿರುವ ದೂರದಿಂದ (60 ಸೆಂ.ಮೀ.) ಭಾಗಿಸಿ, ಅರ್ಧ ಮಾಡಿದರೆ 400. ಅಂದರೆ 40 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಅಡ್ಡಹಲಗೆ. ಹಿಂದಿನ 3 ಸೆಂ.ಮೀ. ಮೂತಿಯನ್ನು ಏರಿಳಿಸುವ ಎಲಿವೇಟರಿಗೆ ಬಿಡಿ. ನಿಂತ ಹಲಗೆಗೆ ಇದರ ಅರ್ಧದಷ್ಟು ವಿಸ್ತೀರ್ಣ ಸಾಕು.

ಹೊಸಬರು ಎಡವುವುದು ತೂಕದಲ್ಲಿ. ಬಾಲ ಗಟ್ಟಿಯಾಗಲೆಂದು ಅಂಟು ಸುರಿಯುತ್ತಾರೆ, ಬಣ್ಣ ಬಳಿಯುತ್ತಾರೆ. ಸಮತೋಲದ ಬಿಂದುವಿನಿಂದ ಬಾಲ 60 ಸೆಂ.ಮೀ., ಮೂತಿ 20 ಸೆಂ.ಮೀ. ದೂರವಿದ್ದರೆ ಬಾಲದಲ್ಲಿ ಹೆಚ್ಚಾದ 5 ಗ್ರಾಮಿಗೆ ಮೂತಿಯಲ್ಲಿ 15 ಗ್ರಾಂ ಸೇರಿಸಬೇಕು. ಒಟ್ಟು 20 ಗ್ರಾಂ ವ್ಯರ್ಥ ಭಾರ. ಮಣಿಪಾಲದ ಎಂಐಟಿಯ ಏರೋಎಂಐಟಿ ವಿದ್ಯಾರ್ಥಿ ತಂಡ ಭಾಗವಹಿಸುವ ಎಸ್‌ಎಇ ಏರೋ ಡಿಸೈನ್‌ನಂಥ ಸ್ಪರ್ಧೆಗಳಲ್ಲಿ ಹೊತ್ತ ಭಾರಕ್ಕೂ ಅಂಕ. ಅಲ್ಲಿ ಬಾಲದ ಒಂದೊಂದು ಗ್ರಾಮಿಗೂ ಬೆಲೆಯಿದೆ.

3 ಮಿ.ಮೀ. ಬಾಲ್ಸಾ ಹಲಗೆ ಒಳ್ಳೆಯದು. ಮರದ ಎಳೆ ಬಾಲದ ಉದ್ದಕ್ಕೆ ಇರಲಿ, ಅಡ್ಡಕ್ಕಿದ್ದರೆ ಮಡಚಿ ಮುರಿಯುತ್ತದೆ. ಆದರೆ ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಲ್ಸಾ ತೇವ ಹೀರಿ ಸೊಟ್ಟಗಾಗುತ್ತದೆ. ಕತ್ತರಿಸಿದ ಹಲಗೆಯನ್ನು ಸಮತಟ್ಟಾದ ಜಾಗದಲ್ಲಿ ಭಾರ ಹೇರಿ ಇಡಿ, ಎರಡೂ ಬದಿಗೆ ತೆಳುವಾಗಿ ಒಂದೇ ಕೈ ವಾರ್ನಿಶ್ ಹಚ್ಚಿ. ಒಂದೇ ಬದಿಗೆ ಹಚ್ಚಿದರೆ ಅದೇ ಸೊಟ್ಟಗಾಗಲು ಕಾರಣವಾದೀತು. ಫೋಮ್ ಹಾಳೆಯಲ್ಲಿ ಈ ತೊಂದರೆಯಿಲ್ಲ. ಆದರೆ ಫೆವಿಕ್ವಿಕ್‌ನಂಥ ಅಂಟು ಥರ್ಮಾಕೋಲಿನಂಥ ಫೋಮನ್ನು ತಿಂದುಹಾಕುತ್ತದೆ, ಎಚ್ಚರ.

ಎಲಿವೇಟರಿನ ಮುಂದಂಚನ್ನು ಕೆಳಬದಿಗೆ 45 ಡಿಗ್ರಿ ಓರೆಯಾಗಿ ಉಜ್ಜಿ, ಮೇಲ್ಬದಿಗೆ ಟೇಪ್ ಅಂಟಿಸಿದರೆ ಅದೇ ಕೀಲು. ಎಲಿವೇಟರ್ ಎರಡು ತುಂಡುಗಳಲ್ಲಿದ್ದರೆ ಬಿದಿರು ಕಡ್ಡಿಯಿಂದ ಜೋಡಿಸಿ. ಎಲಿವೇಟರನ್ನು ಆಡಿಸುವ ಪುಟ್ಟ ಮೋಟಾರಾದ ಸರ್ವೋದಿಂದ ಬರುವ ಸಲಾಕೆಗೂ ಬಿದಿರೇ ಹಗುರ, ತುದಿಗಳಿಗೆ ಮಾತ್ರ ತಂತಿ.

ಅಂಟು ಒಣಗುವ ಮೊದಲು ಮೂತಿಯಿಂದ ಬಾಲದ ಎರಡೂ ತುದಿಗೆ ದಾರ ಹಿಡಿದು ಅಳೆಯಿರಿ, ಎರಡೂ ಸಮವಿರಬೇಕು. ನಿಂತ ಹಲಗೆಯ ಲಂಬಕ್ಕೆ ಕಂಪಾಸ್ ಬಾಕ್ಸಿನ ಸೆಟ್ ಸ್ಕ್ವೇರ್ ಸಾಕು. ಕೊನೆಗೆ, ರಿಮೋಟಿನ ಕಡ್ಡಿ ಹಿಂದಕ್ಕೆಳೆದಾಗ ಎಲಿವೇಟರ್ ಮೇಲೇಳುತ್ತದೆಯೇ ನೋಡಿ. ತಿರುವುಮುರುವಾಗಿದ್ದರೆ ಮೊದಲ ಹಾರಾಟದಲ್ಲೇ ವಿಮಾನ ನೆಲಕ್ಕೆ.

ಹಾರಿಸಿ ನೋಡಲು ಕಾರ್ಕಳದ ಕಡೆಯ ಕಲ್ಲುಪಾದೆ ಬೇಡ, ಮಧ್ಯಾಹ್ನದ ಕಡಲಗಾಳಿಯೂ ಬೇಡ. ಏಣೆಲು (ಮಳೆಗಾಲದ ಭತ್ತದ ಬೆಳೆ) ಕೊಯ್ಲಾದ ಗದ್ದೆ, ಬೆಳಗಿನ ಹೊತ್ತು ಒಳ್ಳೆಯದು. ಮೋಟಾರ್ ಓಡಿಸದೆ ಕೈಯಿಂದ ತೇಲಿಬಿಡಿ. ಮೂತಿ ಎತ್ತಿ, ತಡೆದು, ಕುಸಿದರೆ ಬಾಲ ಭಾರ. ನೇರ ಧುಮುಕಿದರೆ ಮೂತಿ ಭಾರ. ಹತ್ತಿಪ್ಪತ್ತು ಹೆಜ್ಜೆ ತೇಲಿ ಹೊಟ್ಟೆಯ ಮೇಲೆ ಇಳಿದರೆ ಮೋಟಾರ್ ಚಾಲೂ ಮಾಡಬಹುದು.