ಹದಿಮೂರನೆಯ ತಿಂಗಳು ಏಕೆ ಬೇಕು?

ಗಣೇಶ ಚತುರ್ಥಿ 2021ರಲ್ಲಿ ಸೆಪ್ಟೆಂಬರ್ 10ರಂದು, 2022ರಲ್ಲಿ ಆಗಸ್ಟ್ 31ರಂದು ಬಂದಿತ್ತು. ಇದೇ ಲೆಕ್ಕದಲ್ಲಿ 2023ರಲ್ಲಿ ಆಗಸ್ಟ್ 20ರ ಸುಮಾರಿಗೆ ಬರಬೇಕಿತ್ತು. ಬಂದದ್ದು ಸೆಪ್ಟೆಂಬರ್ 18ಕ್ಕೆ. ಆ ವರ್ಷ ನಿಜ ಶ್ರಾವಣಕ್ಕೆ ಮೊದಲು ಅಧಿಕ ಶ್ರಾವಣ ಬಂದುಹೋದದ್ದೇ ಇದಕ್ಕೆ ಕಾರಣ.

ನಮ್ಮ ಪಂಚಾಂಗದ್ದು ಅಮಾವಾಸ್ಯೆಗೆ ಮುಗಿಯುವ ಚಾಂದ್ರಮಾಸ. ಇಂತಹ ಹನ್ನೆರಡು ಮಾಸ ಸೇರಿದರೆ ಸುಮಾರು 354 ದಿನ. ಆದರೆ ಋತುಚಕ್ರ ಒಂದು ಸುತ್ತು ಮುಗಿಸಲು 365 ದಿನಕ್ಕಿಂತ ತುಸು ಹೆಚ್ಚು ಬೇಕು. ವರ್ಷಕ್ಕೆ ಸುಮಾರು 11 ದಿನದ ಈ ಕೊರತೆಯನ್ನು ಹಾಗೆಯೇ ಬಿಟ್ಟರೆ 16 ವರ್ಷಗಳಲ್ಲಿ ಯುಗಾದಿ ಅಕ್ಟೋಬರ್ ಆಸುಪಾಸಿಗೆ ಜಾರುತ್ತದೆ. ಆಗ ಬೇವಿನ ಹೂವನ್ನು ಎಲ್ಲಿಂದ ತರುವುದು? ಹಿಜರಿ ಪಂಚಾಂಗದಲ್ಲಿ ಹೆಚ್ಚುವರಿ ತಿಂಗಳಿಲ್ಲ. ಹಾಗಾಗಿ ರಂಜಾನ್ ಎಲ್ಲ ಋತುಗಳಲ್ಲೂ ಸುತ್ತಿ ಬರುತ್ತದೆ.

ತಿಂಗಳನ್ನು ಸೇರಿಸಲು ನಿಯಮವಿದೆ. ಸೂರ್ಯ ಒಂದು ರಾಶಿಯನ್ನು ದಾಟಲು ಸರಾಸರಿ 30 ದಿನಕ್ಕಿಂತ ಹೆಚ್ಚು ಬೇಕು. ಚಾಂದ್ರಮಾಸಕ್ಕೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ ಸಾಕು. ಹೀಗಾಗಿ ಸರಿಸುಮಾರು 32-33 ತಿಂಗಳಿಗೊಮ್ಮೆ ಸಂಕ್ರಮಣವೇ ಇಲ್ಲದ ಮಾಸವೊಂದು ಬರುತ್ತದೆ. ಅದೇ ಅಧಿಕ ಮಾಸ. ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಫೆಬ್ರವರಿ 29 ಒಂದೇ ದಿನದಲ್ಲಿ ಮಾಡುವ ಕೆಲಸವನ್ನು ಇಲ್ಲಿ ಇಡೀ ತಿಂಗಳು ಮಾಡುತ್ತದೆ.

ಈ ತಿಂಗಳನ್ನು ಮಲಮಾಸವೆಂದು ಕರೆದು ಮದುವೆ, ಗೃಹಪ್ರವೇಶಗಳನ್ನು ಮುಂದೂಡುವುದುಂಟು. ಹಾಗೆ ಬದಿಗಿಟ್ಟ ತಿಂಗಳೇ ಉಳಿದ ಹನ್ನೆರಡನ್ನೂ ಅವುಗಳ ಋತುವಿನಲ್ಲಿ ಹಿಡಿದು ನಿಲ್ಲಿಸಿದೆ.